ನೆರಳುಮನೆಯ ಉದ್ಘಾಟನೆ

ಸೂರ್ಯನಿಂದ ಕಣಗಳ ಬಿರುಗಾಳಿ ಬೀಸಿದಾಗಲೆಲ್ಲ ಧ್ರುವದ ಬಳಿಯ ನಮ್ಮೂರಿನ ಮೇಲೆ ಓಝೋನ್ ತೆಳುವಾಗುತ್ತದೆ. ಹತ್ತು ನಿಮಿಷ ಹೊರಗೆ ಬಿಸಿಲಲ್ಲಿ ನಿಂತರೆ ಮುಖ ಸುಡುತ್ತದೆ. ಇದು ಒಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಹೆಡ್‌ಮಾಸ್ಟರ್ ಪಾಲಾಕ್ಷಯ್ಯನವರಿಗೆ ಮಾತ್ರ ಗೊತ್ತಿಲ್ಲ. ಮೊನ್ನೆಯಷ್ಟೇ ಬಿರುಗಾಳಿ ಬೀಸಿದ್ದರೂ ಮಂತ್ರಿಗಳ ಸ್ವಾಗತಕ್ಕೆಂದು ಮಕ್ಕಳನ್ನು ಹಿಮದ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಎದುರಿಗೇ ಆ ಮಕ್ಕಳಿಗೆಂದು ಕಟ್ಟಿದ ಹೊಸ ನೆರಳುಮನೆ, ಬಾಗಿಲಿಗೆ ಅಡ್ಡವಾಗಿ ಕೆಂಪು ಟೇಪು.

“ಅರ್ಧ ಗಂಟೆ ಆಯ್ತು ಸರ್, ಮಕ್ಕಳನ್ನ ಒಳಗೆ ಬಿಡಿ,” ಎಂದೆ.

“ಉದ್ಘಾಟನೆ ಆಗ್ದೆ ಹೇಗ್ರೀ ಬಿಡೋದು, ಟೀಚರ್?”

ಪುಟ್ಟ ನೀಲಾಂಬರಿಯ ಮೂಗಿನ ಮೇಲೆ ಆಗಲೇ ಬೊಬ್ಬೆ ಎದ್ದಿತ್ತು. ತಟ್ಟೆಯಲ್ಲಿದ್ದ ಕತ್ತರಿ ಎತ್ತಿಕೊಂಡು ಟೇಪು ಕತ್ತರಿಸಿ, ಮಕ್ಕಳನ್ನೆಲ್ಲ ಒಳಗೆ ಓಡಿಸಿದೆ. ಟೇಪಿನ ತುಂಡುಗಳನ್ನು ಹೆಡ್‌ಮಾಸ್ಟರರ ಕೈಗೆ ತುರುಕಿದೆ.

“ಮಂತ್ರಿಗಳು ಬಂದ್ಮೇಲೆ ಕೊಡಿ. ಅವರೇ ಬಿಸಿಲಲ್ಲಿ ನಿಂತು ಗಂಟು ಹಾಕಿ, ಇನ್ನೊಂದ್ಸಲ ಕತ್ತರಿಸ್ಲಿ.”