ಅತ್ತೆಯ ಉಸಿರು, ಸೊಸೆಯ ಮಾತು

“ಉಸಿರಾಟ ಹೇಗಿದೆ ಅಂತ ಕೇಳಿ,” ಎಂದಳು ನರ್ಸ್, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಸೊಸೆ ತಮ್ಮ ಮಾತಿನಲ್ಲಿ ಕೇಳಿದಳು. ಅತ್ತೆ ಶಾಲು ಸರಿಮಾಡಿಕೊಂಡರು. “ಚೆನ್ನಾಗಿದೀನಿ ಅನ್ನು.”

ವಲಸೆ ಬಂದು ಆರು ವರ್ಷವಾದರೂ ಇಲ್ಲಿನ ಭಾಷೆ ಮನೆಯಲ್ಲಿ ಸೊಸೆಯೊಬ್ಬಳಿಗೇ ಬರುತ್ತಿತ್ತು. ಹೊಲಿಗೆ ಅಂಗಡಿಯ ಗಿರಾಕಿಗಳೇ ಅವಳಿಗೆ ಗುರುಗಳು. ಹಾಗಾಗಿ ಅತ್ತೆಯ ಉಬ್ಬಸಕ್ಕೆ ಅವಳೇ ಬಾಯಿ. ಪ್ರತಿ ಸಲವೂ ಅತ್ತೆ ಚೆನ್ನಾಗಿದೀನಿ ಎನ್ನುವರು, ಅವಳು ಅಕ್ಷರ ತಪ್ಪದೆ ಒಪ್ಪಿಸುವಳು, ಆಸ್ಪತ್ರೆಯವರು ಅದನ್ನೇ ಬರೆದುಕೊಳ್ಳುವರು. ಮನೆಯ ಕಷ್ಟವನ್ನು ಪರರ ಮುಂದೆ ಬಿಚ್ಚಿಡುವುದು ಅತ್ತೆ ಬೆಳೆದ ಕಡೆ ಮರ್ಯಾದೆಯಲ್ಲ. ಹೋದ ತಿಂಗಳು ಅತ್ತೆ ತಾವು ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ಕುಸಿದು, ತುಟಿ ನೀಲಿಗಟ್ಟಿ, ಆಂಬುಲೆನ್ಸಿನಲ್ಲಿ ಇಲ್ಲಿಗೇ ಬಂದಾಗಲೂ ಅವರ ದಾಖಲೆಯ ತುಂಬ ಇದ್ದದ್ದು ಆ ಒಂದೇ ಮಾತು.

ನರ್ಸ್ ಅದನ್ನೆಲ್ಲ ಓದಿ ನಿಟ್ಟುಸಿರಿಟ್ಟಳು. “ಬೇಜಾರು ಮಾಡ್ಕೋಬೇಡಿ. ನಿಮ್ಮ ಜನ ಜೀವ ಬಾಯಿಗೆ ಬಂದ ಮೇಲೇ ಬರ್ತೀರಿ. ಮೊದಲೇ ಯಾಕೆ ಬರಲ್ಲ?”

“ಮೊದಲೇ ಬಂದಿದ್ವಿ,” ಎಂದಳು ಸೊಸೆ. “ನಾಲ್ಕು ಸಲ. ಇವರು ಚೆನ್ನಾಗಿದೀನಿ ಅಂದ್ರು, ನೀವು ಕಳಿಸಿಬಿಟ್ರಿ.”

ನರ್ಸಿನ ಬೆರಳುಗಳು ನಿಂತವು. ಕುರ್ಚಿಯನ್ನು ಇವರತ್ತ ತಿರುಗಿಸಿಕೊಂಡಳು. “ಸರಿ. ನಿದ್ದೆ ಹೇಗೆ ಬರುತ್ತೆ, ಕೇಳಿ.”

“ಚೆನ್ನಾಗಿ ಬರುತ್ತೆ ಅನ್ನು,” ಎಂದರು ಅತ್ತೆ.

ಸೊಸೆ ಅತ್ತೆಯ ಮಾತನ್ನು ಒಂದು ದಿನಕ್ಕೂ ಮೀರಿದವಳಲ್ಲ. ನೆಲ ನೋಡುತ್ತ ಇಲ್ಲಿನ ಭಾಷೆಯಲ್ಲಿ ಹೇಳತೊಡಗಿದಳು. “ಮೂರು ದಿಂಬಿಗೆ ಒರಗಿಕೊಂಡು ಕೂತೇ ಮಲಗ್ತಾರೆ. ತಲೆ ಬಾಚೋವಾಗ ನಡುವೆ ಎರಡು ಸಲ ಕೈ ಇಳಿಸ್ತಾರೆ. ದಿನಾ ಎಳೀಬೇಕಾದ ಇನ್ಹೇಲರ್ ಮುಟ್ಟೋದೇ ಇಲ್ಲ, ಅದು ಚಟ ಹತ್ತುತ್ತೆ ಅಂತ ಯಾರೋ ಹೆದರಿಸಿದಾರೆ. ಉಸಿರು ಪೂರ್ತಿ ಕಟ್ಟಿದಾಗ ಮಾತ್ರ ತುರ್ತಿಗೆ ಕೊಟ್ಟ ಇನ್ನೊಂದನ್ನ ಎಳೀತಾರೆ.”

ನರ್ಸ್ ಒಂದೊಂದನ್ನೂ ಬರೆದುಕೊಂಡಳು. ಎರಡೂ ಇನ್ಹೇಲರ್ ಮೇಜಿನ ಮೇಲಿಟ್ಟು ಯಾವುದು ಯಾವಾಗ ಎಂದು ತೋರಿಸಿದಳು. ದಿನದ್ದು ಚಟ ಹತ್ತುವುದಿಲ್ಲವೆಂದು ಸೊಸೆಯಿಂದ ಎರಡು ಸಲ ಹೇಳಿಸಿದಳು. ತನ್ನೆದುರೇ ಅತ್ತೆ ಅದನ್ನು ಸರಿಯಾಗಿ ಎಳೆಯುವ ತನಕ ಬಿಡಲಿಲ್ಲ. ಮುಂದಿನ ತಿಂಗಳಿಗೆ ದಿನ ಗೊತ್ತುಮಾಡಿ ಕಳಿಸಿದಳು.

ಇಬ್ಬರೂ ಆಸ್ಪತ್ರೆಯ ಗೇಟು ದಾಟಿದರು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡ ಮೇಲೆ ಅತ್ತೆ ಕೇಳಿದರು. “ನಾನು ಹೇಳಿದ್ದು ಒಂದು ಮಾತು. ನಿನ್ನದು ಹನುಮಂತನ ಬಾಲ ಆಯ್ತಲ್ಲ?”

“ಅವರ ಭಾಷೆ ಸ್ವಲ್ಪ ಉದ್ದ, ಅತ್ತೆ.”

ಅತ್ತೆ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದರು.

“ಹಾಗಾದ್ರೆ ಮುಂದಿನ ಸಲ, ನೀರಿನ ಬಕೆಟ್ ಎತ್ತೋಕಾಗಲ್ಲ ಅನ್ನೋದನ್ನೂ ಅದರಲ್ಲಿ ಸೇರಿಸಿಬಿಡಮ್ಮ.”