ಉಗುರುಬೆಚ್ಚಗಿನ ನೀರು

ಗಿರಿಯಪ್ಪ ನಾಟಕ ಆಡುತ್ತಿದ್ದಾನೆ ಎಂಬ ಅನುಮಾನ ಡಾಕ್ಟರ್ ಚಿತ್ತರಂಜನ ಶೆಟ್ಟರಿಗೆ ಮೊದಲ ದಿನವೇ ಬಂದಿತ್ತು. ಮೂರನೆಯ ದಿನ ಬೆಳಿಗ್ಗೆ, ಇವತ್ತು ಇವನನ್ನು ಹಿಡಿದೇ ಬಿಡಬೇಕೆಂದು ನಿಶ್ಚಯಿಸಿ ವಾರ್ಡಿಗೆ ಹೊರಟರು.

ಅನುಮಾನದ ಬೀಜ ಬಿತ್ತಿದವರು ಗಿರಿಯಪ್ಪ ಮೀನಿಗೆ ಹೋಗುವ ಬೋಟಿನ ಧಣಿ ಮಹಾಬಲ. "ಅವನ ಕಾಲಿಗೆ ಎಂತದೂ ಆಗಿಲ್ಲ ಡಾಕ್ಟ್ರೆ. ಕಳೆದ ವರ್ಷ ಪಕ್ಕದ ಬೋಟು ಮಗುಚಿದ್ದನ್ನು ಕಣ್ಣಾರೆ ನೋಡಿದ್ದಾನೆ. ಅಂದಿನಿಂದ ಕಡಲು ಅಂದ್ರೆ ಹೆದರಿಕೆ. ರೋಗ ಇಲ್ಲ ಅಂತ ಒಂದು ಚೀಟಿ ಕೊಡಿ, ಸೋಮವಾರ ಬೋಟು ಹತ್ತಿಸ್ತೇನೆ" ಎಂದಿದ್ದರು.

ಗಿರಿಯಪ್ಪ ಹೇಳುವುದೇ ಬೇರೆ. ಬಲಗಾಲು ಎಳೆಯುತ್ತದೆ, ಬೋಟಿನಲ್ಲಿ ನಿಲ್ಲಲಾಗುವುದಿಲ್ಲ. ಎಡಗಾಲಿನಲ್ಲಿ ಬಲವೇನೋ ಇದೆ, ಆದರೆ ಬಿಸಿ ತಾಗಿದರೆ ತಿಳಿಯುವುದಿಲ್ಲ.

ಡಾಕ್ಟರಿಗೆ ಕಿರಿಕಿರಿಯಾದದ್ದು ಇಲ್ಲೇ. ಬೆನ್ನುಹುರಿಯೊಳಗೆ ಗಡ್ಡೆ ಬೆಳೆದಾಗ ಅನೇಕ ಸಲ ಮೊದಲು ಹೋಗುವುದು ಬಿಸಿಯ, ನೋವಿನ ಅರಿವು. ಮುಟ್ಟಿದ್ದು ಗೊತ್ತಾಗುತ್ತದೆ, ಸುಟ್ಟದ್ದು ಗೊತ್ತಾಗುವುದಿಲ್ಲ. ಗಡ್ಡೆ ಒಂದು ಬದಿಯನ್ನು ಒತ್ತಿದರೆ ಆ ಬದಿಯ ಕಾಲು ಸೋಲುತ್ತದೆ, ಬಿಸಿಯ ಅರಿವು ಹೋಗುವುದು ಮಾತ್ರ ಇನ್ನೊಂದು ಕಾಲಿನದು. ಸುಳ್ಳು ಹೇಳುವವರಿಗೆ ಈ ವಿಚಿತ್ರ ಗೊತ್ತಿರುವುದಿಲ್ಲ. ಗಿರಿಯಪ್ಪ ಪುಸ್ತಕ ಬಾಯಿಪಾಠ ಮಾಡಿದವನ ಹಾಗೆ ಒಪ್ಪಿಸುತ್ತಿದ್ದ. ನಾಲ್ಕನೆಯ ಕ್ಲಾಸು ದಾಟದವನಿಗೆ ಇದನ್ನು ಕಲಿಸಿದವರು ಯಾರು?

ಉತ್ತರ ಸಿಸ್ಟರ್ ಆಶಾಲತಾ ಅವರ ಬಾಯಿಂದ ತಾನಾಗಿ ಬಂತು. ಕಳೆದ ತಿಂಗಳು ಇದೇ ವಾರ್ಡಿನಲ್ಲಿ ಉಮರಬ್ಬ ಎಂಬವನ ಬೆನ್ನು ಬಿಚ್ಚಿ ಡಾಕ್ಟರು ಇಂಥದ್ದೇ ಗಡ್ಡೆ ತೆಗೆದಿದ್ದರು. ಹತ್ತು ವರ್ಷಗಳಲ್ಲಿ ಅವರಿಗೆ ಸಿಕ್ಕ ಐದನೆಯದು. ಆ ಉಮರಬ್ಬ ಗಿರಿಯಪ್ಪನ ಬೋಟಿನವನೇ ಅಂತೆ. ಗಿರಿಯಪ್ಪ ದಿನಾ ಬಂದು ಅವನ ಮಂಚದ ಪಕ್ಕ ಕೂರುತ್ತಿದ್ದನಂತೆ, ಪರೀಕ್ಷೆಯ ಹೊತ್ತಿಗೂ.

ಡಾಕ್ಟರು ಮನಸ್ಸಿನಲ್ಲೇ ನಕ್ಕರು. ಇಷ್ಟು ಅಪರೂಪದ ರೋಗ ಒಂದೇ ವಾರ್ಡಿನಲ್ಲಿ ಬೆನ್ನುಬೆನ್ನಿಗೆ ಇಬ್ಬರಿಗೆ ಬರುತ್ತದೆಯೇ?

ಹಾಗೆಂದು ಧಣಿಯ ಮಾತು ಕೇಳಿ ಚೀಟಿ ಗೀಚುವವರಲ್ಲ ಶೆಟ್ಟರು. ಗಡ್ಡೆ ಇದ್ದೂ ಇಲ್ಲವೆಂದು ಬರೆದರೆ ಮಳೆಗಾಲದ ಒಳಗೆ ಅವನ ಎರಡೂ ಕಾಲು ಹೋದೀತು. ಇದೆಯೆಂದುಕೊಂಡರೆ ಬೆನ್ನಿಗೆ ಸೂಜಿ ಚುಚ್ಚಿ, ಮದ್ದು ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಸುಳ್ಳನಿಗೋಸ್ಕರ ಮಾಡುವಂಥ ಕೆಲಸವಲ್ಲ ಅದು. ವರಾಂಡದಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದವರ ಸಿಗರೇಟು ಬೆರಳಿನ ತನಕ ಉರಿದಿತ್ತು. ಕಮಟು ವಾಸನೆಗೆ ಎಚ್ಚೆತ್ತು ಎಸೆದರು. ಕುತ್ತಿಗೆ ಬೇರೆ ಹಿಡಿದುಕೊಂಡಿತ್ತು. ಗಂಟೆಗಟ್ಟಲೆ ಬಗ್ಗಿ ಆಪರೇಷನ್ ಮಾಡುವವರಿಗೆ ಅದು ಇದ್ದದ್ದೇ.

ಆಶಾಲತಾ ಅವರನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ಇವತ್ತು ಬಿಸಿನೀರು ಬೇಡ. ಉಗುರುಬೆಚ್ಚಗಿನದು ತನ್ನಿ. ಅವನಿಗೆ ಗೊತ್ತಾಗ್ಬಾರದು."

ಬಲೆ ಸರಳವಾಗಿತ್ತು. ನಿಜ ಹೇಳುವವನು ಬಲಗಾಲಿಗೆ ಸ್ವಲ್ಪ ಬೆಚ್ಚಗೆ ಎನ್ನುತ್ತಾನೆ. ಕಲಿತು ಬಂದವನು ಬಿಸಿ ಎಂದು ಹಾರುತ್ತಾನೆ.

ಗಿರಿಯಪ್ಪ ಮಂಚದ ಮೇಲೆ ಮಲಗಿದ್ದ. ಹೆಂಡತಿ ದಮಯಂತಿ ಮೀನು ಮಾರಿ ನೇರ ಬಂದವಳು, ತಲೆಯ ಹತ್ತಿರ ನಿಂತಿದ್ದಳು. ಆಶಾಲತಾ ಟ್ರೇಯಲ್ಲಿ ನೀರು ತುಂಬಿದ ಗಾಜಿನ ನಳಿಕೆ ತಂದರು. ಡಾಕ್ಟರು ಅದನ್ನು ಬೆರಳುಗಳಲ್ಲಿ ಹಿಡಿದು ನೋಡಿದರು. ತಾವು ಮುಟ್ಟಿ ನೋಡದೆ ರೋಗಿಯ ಮೈಗೆ ಏನನ್ನೂ ಇಟ್ಟವರಲ್ಲ ಅವರು.

"ಸರಿಯಾಗಿ ಉಂಟು" ಎಂದರು.

ಆಶಾಲತಾ ಏನೋ ಹೇಳಲು ಬಾಯಿ ತೆರೆದರು. ಡಾಕ್ಟರು ಕಣ್ಣಿನಲ್ಲೇ ಗದರಿ ಸುಮ್ಮನಿರಿಸಿದರು. ಈ ಸಿಸ್ಟರ್ ಕೂಡ ಅವನ ಕಡೆಯವರೋ ಏನೋ ಎಂದು ಒಂದು ಗಳಿಗೆ ಅನ್ನಿಸಿತು.

ಮೊದಲು ಎಡಗಾಲಿಗೆ ತಾಗಿಸಿದರು. ಗಿರಿಯಪ್ಪ ಸೂರು ನೋಡುತ್ತಾ, "ಮುಟ್ಟಿದ್ದು ಗೊತ್ತಾಗ್ತದೆ. ಬಿಸಿಯೋ ತಂಪೋ ಗೊತ್ತಿಲ್ಲ" ಎಂದ.

ಬಲಗಾಲಿಗೆ ಇಟ್ಟು ಒತ್ತಿದರು. ಗಿರಿಯಪ್ಪ ವಾರ್ಡೆಲ್ಲ ಕೇಳುವಂತೆ ಬೊಬ್ಬೆ ಹೊಡೆದ. ಸೋತ ಕಾಲನ್ನು ಎರಡೂ ಕೈಯಿಂದ ಎಳೆದುಕೊಂಡ.

"ಸಾಕು ಮಾರಾಯ" ಎಂದರು ಡಾಕ್ಟರು. "ಉಮರಬ್ಬ ಚಂದ ಕಲಿಸಿದ್ದಾನೆ. ಆದ್ರೆ ಇದು ಬೆಚ್ಚಗಿನ ನೀರು."

ನಳಿಕೆಯನ್ನು ಟ್ರೇಯಲ್ಲಿಟ್ಟು, ಕಿಸೆಯಿಂದ ಪೆನ್ನು ತೆಗೆದು, ರೋಗವಿಲ್ಲ ಎಂದು ಬರೆದರು. ಅಕ್ಷರ ಸೊಟ್ಟಗೆ ಬಂತು. ಈಚೆಗೆ ಒಳ್ಳೆಯ ಪೆನ್ನೇ ಸಿಗುವುದಿಲ್ಲ ಎಂದು ಗೊಣಗಿದರು.

"ಡಾಕ್ಟ್ರೆ, ಇಲ್ಲಿ ನೋಡಿ" ಎಂದಳು ದಮಯಂತಿ. ಗಂಡನ ಬಲಗಾಲನ್ನು ಬೆಳಕಿಗೆ ತಿರುಗಿಸಿದ್ದಳು. ನಳಿಕೆ ತಾಗಿದ ಜಾಗ ಕೆಂಪಾಗಿ, ಸಣ್ಣ ನೀರುಗುಳ್ಳೆ ಏಳುತ್ತಿತ್ತು. ಎಡಗಾಲಿನಲ್ಲೂ ಅದೇ ಗುರುತು.

ಡಾಕ್ಟರು ಆಶಾಲತಾ ಅವರತ್ತ ತಿರುಗಿದರು. "ಎಂತ ತಂದದ್ದು ನೀವು?"

"ನಲ್ಲಿಯಲ್ಲಿ ನೀರಿರಲಿಲ್ಲ ಸರ್. ಕುದಿಯುತ್ತಿದ್ದದ್ದನ್ನೇ ತುಂಬಿಸಿದೆ. ಆರಲಿಕ್ಕೆ ಬಿಡಿ ಅಂತ ಹೇಳುವ ಅಂದ್ರೆ, ನೀವು ಹಿಡಿದು ನೋಡಿ ಸರಿ ಉಂಟು ಅಂದಿರಿ. ಆರಿದೆ ಅಂತ ತಿಳ್ಕೊಂಡೆ."

ಡಾಕ್ಟರು ಟ್ರೇಯಲ್ಲಿದ್ದ ನಳಿಕೆಯನ್ನೂ ತಮ್ಮ ಬೆರಳುಗಳನ್ನೂ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಆಮೇಲೆ ಚೀಟಿಯನ್ನು ಹರಿದರು.

"ತಪ್ಪಾಯ್ತು ಗಿರಿಯಪ್ಪ. ನೀನು ಹೇಳಿದ್ದು ನಿಜ. ಗಡ್ಡೆ ಉಂಟು ಅಂತಲೇ ಕಾಣ್ತದೆ. ಬೇಗ ತೆಗೆದ್ರೆ ಕಾಲು ಉಳೀತದೆ. ನಾಳೆ ಮದರಾಸಿಗೆ ಹೊರಡು. ಒಬ್ಬನೇ ಅಲ್ಲ, ನಾನೂ ಬರ್ತೇನೆ."

ದಮಯಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಷ್ಟು ದೂರ ಯಾಕೆ ಡಾಕ್ಟ್ರೆ? ಉಮರಬ್ಬನನ್ನು ನಡೆಸಿದ್ದು ನೀವೇ ಅಲ್ವಾ? ಇವರದ್ದೂ ನಿಮ್ಮ ಕೈಯಲ್ಲೇ ಆಗ್ಲಿ."

ಡಾಕ್ಟರು ಬಲಗೈಯನ್ನು ಅವಳ ಮುಂದೆ ಬಿಚ್ಚಿ ಹಿಡಿದರು.

ಮೂರು ಬೆರಳುಗಳ ತುದಿಯಲ್ಲಿ, ಗಿರಿಯಪ್ಪನ ಕಾಲಿನದ್ದಕ್ಕಿಂತ ದೊಡ್ಡ ಗುಳ್ಳೆಗಳೆದ್ದಿದ್ದವು. ಅವರಿಗೆ ಒಂದೂ ಉರಿಯುತ್ತಿರಲಿಲ್ಲ.