ಹಿರಿಯನ ಜಾಗ

ಗುಂಡಿಯಲ್ಲಿ ಮೂಳೆ ಇರಲಿಲ್ಲ.

ಲೇಮಾರಾ ಮಂಡಿಯೂರಿ ಕೈಯಿಂದಲೇ ಮರಳು ಸರಿಸಿದಳು. ಕಪ್ಪು ಮಣ್ಣು, ಬಿಳಿ ಹವಳದ ಚೂರು, ಎಲ್ಲ ಕಲಸಿಹೋಗಿತ್ತು. ನೂರಾರು ವರ್ಷ ಅಲುಗದೆ ಮಲಗಿದ ನೆಲ ಹೀಗಿರುವುದಿಲ್ಲ. ತೀರಾ ಈಚೆಗೆ ಯಾರೋ ಅಗೆದು ಮುಚ್ಚಿದ್ದರು. ಒಂದು ಮೂಲೆಯಲ್ಲಿ ಚಿಪ್ಪಿನ ತೋಳಬಳೆಯ ತುಂಡು ಸಿಕ್ಕಿತು. ಹಿರಿಯ ಇಲ್ಲಿದ್ದದ್ದು ನಿಜ. ಈಗ ಇಲ್ಲವೆನ್ನುವುದೂ ನಿಜ.

ತಲೆಯೆತ್ತಿದಳು. ಗುಂಡಿಯ ಅಂಚಿನಲ್ಲಿ ಪ್ರೊಫೆಸರ್ ಹೆಡ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ನಿಮಗೆ ಆಶ್ಚರ್ಯಾನೇ ಆಗ್ಲಿಲ್ವಲ್ಲ?"

"ಮುಚ್ಚಿಬಿಡೋಣ ಲೇಮಾರಾ. ಬಿಸಿಲೇರ್ತಿದೆ."

ಮೊದಲ ದೋಣಿಯಲ್ಲಿ ಬಂದು ಊರು ಕಟ್ಟಿದ ಹಿರಿಯನನ್ನು ಹೂತದ್ದು ಊರಿನೆದುರಿನ ಈ ಪುಟ್ಟ ನಡುಗಡ್ಡೆಯಲ್ಲಿ. ಇಲ್ಲಿ ಯಾರೂ ವಾಸವಿಲ್ಲ. ಹೆಡ್ಲಿ ಆಸ್ಟ್ರೇಲಿಯಾದಿಂದ ಮೊದಲು ಬಂದಾಗ ಲೇಮಾರಾ ಹುಟ್ಟಿರಲಿಲ್ಲ. ಆಮೇಲೆ ಪ್ರತಿ ವರ್ಷ ಬಂದರು. ಗೆಣಸು ನೆಟ್ಟರು, ಭಾಷೆ ಕಲಿತರು, ಸತ್ತವರ ಮನೆಯಲ್ಲಿ ಕೂತು ಅತ್ತರು. ಮಣ್ಣಿನ ಪದರ ಓದುವುದನ್ನು ಲೇಮಾರಾಳಿಗೆ ಕಲಿಸಿದವರೂ ಅವರೇ, ಹೊರದೇಶದಲ್ಲಿ ಓದಿಸಿದವರೂ ಅವರೇ. ಈಗ ಅವಳು ಡಾಕ್ಟರೇಟ್ ಪಡೆದ ಪುರಾತತ್ವಜ್ಞೆ. ಈ ಉತ್ಖನನ ಅವಳದು. ಹೆಡ್ಲಿ ನೆರವಿಗೆ ಬಂದವರು, ಅಷ್ಟೆ.

ತಲೆಬುರುಡೆಗಾಗಿ ದೂರದ ಪ್ರಯೋಗಾಲಯವೊಂದು ಕಾದಿತ್ತು. ಅದನ್ನು ಸಾಗಿಸಲು ತಂದ ಪೆಟ್ಟಿಗೆ ಸೋದರಮಾವ ಕಾಲ್ತಾಕನ ಜಗಲಿಯಲ್ಲಿತ್ತು. ಗೋರಿಯ ಜಾಗ ಬಲ್ಲವನು ಅವನೊಬ್ಬನೇ; ಲೇಮಾರಾ ಮಣ್ಣು ಓದಿ ಅದನ್ನು ತಾನೇ ಹುಡುಕಿಕೊಂಡಿದ್ದಳು. ಮಾವ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಬಲೆ ಹೆಣೆಯುತ್ತಿದ್ದ.

"ಕಾಲ್ತಾಕನ್ನ ಕೇಳಿದ್ಯಾ?" ಎಂದು ಹೆಡ್ಲಿ ಒಮ್ಮೆ ವಿಚಾರಿಸಿದ್ದರು.

ಅವಳು ನಕ್ಕಿದ್ದಳು. "ಸರ್ಕಾರ ಒಪ್ಪಿದೆ, ಊರ ಮುಖ್ಯಸ್ಥ ಒಪ್ಪಿದ್ದಾನೆ. ನಮ್ಮ ಹಿರಿಯನ್ನ ಮುಟ್ಟೋಕೆ ನಮ್ಮ ಮಾವನ್ನ ಕೇಳ್ಬೇಕಾ? ಅದೆಲ್ಲ ನಿಮ್ಮಂಥ ಹೊರಗಿನೋರಿಗೆ."

ದಡ ಸೇರುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಮುದುಕಿ ಲೇಪಾ ದಾರಿಗಡ್ಡ ನಿಂತಳು.

"ಭಾನುವಾರ ನಾವೆಲ್ಲ ಚರ್ಚಿಗೆ ಹೊರಟಾಗ ನಿನ್ನ ಮೇಷ್ಟ್ರು ದೋಣಿ ಹತ್ತಿದ್ರು ಕಣೇ. ಮೀನಿಗೆ ಹೋದ್ರು ಅಂದ್ಕೊಂಡೆ. ವಾಪಸ್ ಬಂದಾಗ ಬುಟ್ಟೀಲಿ ಮೀನಿನ ವಾಸನೇನೂ ಇಲ್ಲ!"

ಸಂಜೆ ಊರು ಚಾವಡಿಯಲ್ಲಿ ಸೇರಿತು. ಮಾವ ಕಂಬಕ್ಕೊರಗಿ ಕೂತಿದ್ದ. ಅವನಿಗೆ ಆ ಭಾನುವಾರದಿಂದ ಸೊಂಟ ಹಿಡಿದಿತ್ತು. ಬೇರು ಅರೆದ ಮತ್ತಿನ ಪಾನೀಯ ಕಾವಾ ತುಂಬಿದ ಚಿಪ್ಪು ಕೈಗೆ ಬಂದರೆ ಕುಡಿಯದೆ ಪಕ್ಕಕ್ಕೆ ದಾಟಿಸಿದ.

"ಹೋಗಿದ್ದು ನಿಜ," ಎಂದರು ಹೆಡ್ಲಿ, ಊರಿನ ಭಾಷೆಯಲ್ಲೇ. "ಮೂಳೆ ಎಲ್ಲಿದೆ ಅಂತ ಮಾತ್ರ ಹೇಳಲಾರೆ."

"ಎಷ್ಟಕ್ಕೆ ಮಾರಿದ್ರಿ?" ಹಿಂದಿನಿಂದ ಯಾರೋ ಕೂಗಿದರು.

ಲೇಮಾರಾ ಎದ್ದು ನಿಂತಳು. "ಮಣ್ಣು ಓದೋದು ಕಲಿಸಿದ್ದು ನನ್ನ ಮನೇನೇ ದೋಚೋಕಾ? ಅಪ್ಪ ಇಲ್ಲದೋಳಿಗೆ ಅಪ್ಪನ ಹಾಗಿದ್ರಿ. ಅದೂ ನಾಟಕಾನಾ?"

ಹೆಡ್ಲಿ ಬಾಯಿ ತೆರೆದರು. ಕಣ್ಣು ಒಂದು ಕ್ಷಣ ಕಂಬದ ಕಡೆ ಹೋಯಿತು. ಮತ್ತೆ ಬಾಯಿ ಮುಚ್ಚಿದರು.

ತೀರ್ಪಿಗೆ ಹೊತ್ತು ಹಿಡಿಯಲಿಲ್ಲ. ಬೆಳಗಿನ ದೋಣಿಗೆ ಹೊರಡಬೇಕು. ಮತ್ತೆ ಈ ದಡ ಮೆಟ್ಟಕೂಡದು.

ಬೆಳಿಗ್ಗೆ ಬೀಳ್ಕೊಡಲು ಯಾರೂ ಬರಲಿಲ್ಲ. ಲೇಮಾರಾ ಬಂದದ್ದು ಅವರು ಹೋದದ್ದನ್ನು ಖಾತ್ರಿ ಮಾಡಿಕೊಳ್ಳಲು. ಹೆಡ್ಲಿ ನೀರಿಗಿಳಿದು, ತಿರುಗಿ, ಇಷ್ಟೇ ಹೇಳಿದರು: "ಮಾವನ ಸೊಂಟಕ್ಕೆ ಎಣ್ಣೆ ತಿಕ್ಕು. ಬೈಬೇಡ."

ದೋಣಿ ಹೊರಟಿತು. ಅವಳು ಫೋನ್ ತೆಗೆದಳು. ರಾಜಧಾನಿಯ ದಕ್ಕೆಯಲ್ಲಿ ಪೊಲೀಸರು ಕಾಯುತ್ತಿರಬೇಕು, ಹೆಡ್ಲಿಯ ಹೆಸರು ಮಣ್ಣುಪಾಲಾಗಬೇಕು.

ಯಾರೋ ಮಣಿಕಟ್ಟು ಹಿಡಿದರು. ಕುಂಟುತ್ತಾ ಬಂದ ಮಾವ, ಏದುಸಿರು ಬಿಡುತ್ತಿದ್ದ.

"ಕೆಳಗಿಡು ಅದನ್ನ. ಅಗೆದೋನು ನಾನು. ಹುಟ್ಟು ಹಾಕೋಕೆ, ಹೊರೋಕೆ ಅವನನ್ನ ಕರೆದೆ. ಊರಿಗೆ ಕಾಣದ ಹಾಗೆ ಆಚೆ ದಡದಲ್ಲಿ ದೋಣಿ ಹತ್ತಿದೆ."

ಅವಳಿಗೆ ಅರ್ಥವಾಗಲಿಲ್ಲ. "ಕಳ್ಳರಿಂದ ಹಿರಿಯನ್ನ ಉಳಿಸೋಕೆ ಹೊರಗಿನ ಮೇಷ್ಟ್ರನ್ನ ಕರ್ಕೊಂಡು ಹೋದ್ಯಾ?"

"ನಿನ್ನಿಂದ ಉಳಿಸೋಕೆ. ಅವನು ಬಂದ ಹೊಸದ್ರಲ್ಲೇ ಅಗೀಲಾ ಅಂತ ನನ್ನ ಕೇಳಿದ್ದ. ಬೇಡ ಅಂದೆ. ಇಷ್ಟು ವರ್ಷ ಆ ಕಡೆ ಗುದ್ದಲಿ ಒಯ್ಯಲಿಲ್ಲ. ನೀನು ಪೆಟ್ಟಿಗೆ ತಂದು ನನ್ನ ಜಗಲೀಲೇ ಇಟ್ಟೆ."

ಅಲೆಗಳು ಅವಳ ಕಾಲು ತೋಯಿಸಿ ಹಿಂದೆ ಸರಿದವು.

"ಚಾವಡೀಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಅವನೇ ಬೇಡ ಅಂದ. 'ಲೇಮಾರಾ ನನ್ನ ಮೇಲೆ ಮುನಿದ್ರೆ ಅವಳಿಗೆ ಒಬ್ಬ ಮೇಷ್ಟ್ರು ಹೋಗ್ತಾನೆ, ನಿನ್ನ ಮೇಲೆ ಮುನಿದ್ರೆ ಊರೇ ಹೋಗುತ್ತೆ' ಅಂದ. ನಾನು ಹೇಡಿ, ಸುಮ್ಮನೆ ಕೂತೆ."

ದೋಣಿ ಹವಳದ ದಿಬ್ಬ ದಾಟಿ ಚುಕ್ಕೆಯಾಗುತ್ತಿತ್ತು. ಲೇಮಾರಾ ಮಾವನ ಎರಡೂ ಕೈ ಹಿಡಿದುಕೊಂಡಳು.

"ಹಿರಿಯ ಈಗೆಲ್ಲಿದ್ದಾನೆ? ಪೆಟ್ಟಿಗೆ ಸುಟ್ಟುಹಾಕ್ತೀನಿ. ಸಾಯೋ ಮುಂಚೆ ಮಾವ ಸೋದರಸೊಸೆಗೆ ಆ ಜಾಗ ತೋರಿಸ್ಬೇಕು, ಅಲ್ವಾ? ಅದು ನನ್ನ ಹಕ್ಕು."

ಮಾವ ಮೆಲ್ಲಗೆ ಕೈ ಬಿಡಿಸಿಕೊಂಡ. ಅವನ ಕಣ್ಣು ದೂರದ ದೋಣಿಯ ಮೇಲೆಯೇ ಇತ್ತು.

"ಒಬ್ಬರಿಗೇ ತೋರಿಸೋ ಜಾಗ ಅದು, ಮಗಳೇ. ತೋರಿಸಿಯಾಯ್ತು."